ಮೌಸ್ ಸರಿಸಿದರೆ ಸಾಕು ಪ್ರೊಸೆಸರ್‌ಗೆ ಏದುಸಿರು: ಸ್ವರಲಿಪಿ ಸಾಫ್ಟ್‌ವೇರ್ ಬಳಸುವವರು ಏನು ಮಾಡಬೇಕು?

ಸ್ಕೋರ್ (ಸ್ವರಗಳನ್ನು ಬರೆದ ಹಾಳೆ) ತೆರೆದಿದೆ, ಪ್ಲೇಬ್ಯಾಕ್ ನಿಂತಿದೆ, ಕೀಬೋರ್ಡ್ ಮುಟ್ಟಿಲ್ಲ. ಆದರೂ ಹಾಳೆಯ ಮೇಲೆ ಮೌಸನ್ನು ಅತ್ತಿತ್ತ ಸರಿಸಿದ ಕೂಡಲೇ ಲ್ಯಾಪ್‌ಟಾಪಿನ ಫ್ಯಾನ್ ಜೋರಾಗುತ್ತದೆ. ಒಂದು ನೋಟನ್ನು ಹಿಡಿದೆಳೆದರೆ ಅದು ಕರ್ಸರಿನ ಹಿಂದೆ ತಡವರಿಸಿಕೊಂಡು ಬರುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕೀಬೋರ್ಡ್, ಪಿಟೀಲು ಪಾಠ ಹೇಳುವವರಿಗೆ, ಚರ್ಚಿನ ಗಾಯನವೃಂದಕ್ಕೆ ನಾಲ್ಕು ದನಿಯ ಹಾಡು ಬರೆಯುವವರಿಗೆ, ಶಾಲೆಯ ಬ್ಯಾಂಡಿಗೋ ಸುಗಮ ಸಂಗೀತದ ವಾದ್ಯವೃಂದಕ್ಕೋ ಸ್ಟಾಫ್ ನೊಟೇಶನ್ ಸಿದ್ಧಪಡಿಸುವವರಿಗೆ ಇದು ಎದುರಾದರೆ ಮೊದಲು ಬರುವ ಯೋಚನೆ ‘ಮಷಿನ್ ಹಳೆಯದಾಯಿತು’ ಎಂಬುದು. ದುರ್ಗಿಗುಡಿಗೆ ಹೋಗಿ ಹೊಸ ಲ್ಯಾಪ್‌ಟಾಪಿನ ಬೆಲೆ ವಿಚಾರಿಸುವ ಮೊದಲು ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮೌಸ್ ತಾನಾಗಿ ಪ್ರೊಸೆಸರನ್ನು ತಿನ್ನುವುದಿಲ್ಲ, ಅದು ಸಾಫ್ಟ್‌ವೇರಿನಿಂದ ಯಾವುದೋ ಒಂದು ಕೆಲಸ ಮಾಡಿಸುತ್ತದೆ. ಆ ಕೆಲಸ ಯಾವುದೆಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ.

ಇಲ್ಲಿನ ಮೆನು ಹೆಸರುಗಳು ಮ್ಯೂಸ್‌ಸ್ಕೋರಿನವು. ಅದು ಸ್ವರಲಿಪಿ ಬರೆಯುವ ಉಚಿತ ಮತ್ತು ಮುಕ್ತ ತಂತ್ರಾಂಶ. ಇಂಥವೇ ಆದ ಸಿಬೆಲಿಯಸ್, ಡೊರಿಕೊ ಬಳಸುವವರಿಗೂ ಪರೀಕ್ಷೆಯ ಕ್ರಮ ಇದೇ. ಫಿನಾಲೆ ಬಳಸುತ್ತಿರುವವರು ಮಾತ್ರ ಹೊಸ ಅಪ್‌ಡೇಟಿಗೆ ಕಾಯಬೇಡಿ. ಅದರ ಅಭಿವೃದ್ಧಿ ನಿಲ್ಲಿಸುವುದಾಗಿ ತಯಾರಕರೇ 2024ರ ಆಗಸ್ಟ್‌ನಲ್ಲಿ ಘೋಷಿಸಿದ್ದಾರೆ.

ಒಂದು ಸಣ್ಣ ಚಲನೆಯ ಹಿಂದೆ ಎಷ್ಟು ಕೆಲಸ

ಸಾಮಾನ್ಯ ಯುಎಸ್‌ಬಿ ಮೌಸ್ ತಾನು ಎಷ್ಟು ಸರಿದೆನೆಂದು ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ, ಕಂಪ್ಯೂಟರಿಗೆ ವರದಿ ಕೊಡುತ್ತದೆ. ಇದಕ್ಕೆ ಪೋಲಿಂಗ್ ರೇಟ್ ಎನ್ನುತ್ತಾರೆ. ಗೇಮಿಂಗ್ ಮೌಸ್‌ನಲ್ಲಿ ಇದು 1000. ಈಚಿನ ಕೆಲವು ಮಾದರಿಗಳಲ್ಲಿ 4000, 8000 ಕೂಡ ಇದೆ. ನಿಮ್ಮ ಪರದೆಯೋ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಮಾತ್ರ ಹೊಸದಾಗಿ ಮೂಡುತ್ತದೆ. 1000 ವರದಿಯ ಮೌಸ್ ಇದ್ದರೆ ಪರದೆ ಒಮ್ಮೆ ಬದಲಾಗುವಷ್ಟರಲ್ಲಿ 16 ವರದಿ ಬಂದು ಬಿದ್ದಿರುತ್ತವೆ. ಕಣ್ಣಿಗೆ ಕಾಣುವುದು ಕೊನೆಯದೊಂದೇ.

ಪ್ರತಿ ವರದಿಗೂ ಸಾಫ್ಟ್‌ವೇರ್ ‘ಈಗ ಕರ್ಸರಿನ ಕೆಳಗೆ ಏನಿದೆ?’ ಎಂದು ಹುಡುಕಬೇಕು. ನೋಟಿನ ತಲೆಯೋ, ಕಡ್ಡಿಯೋ, ಸ್ಲರ್ ಗೆರೆಯೋ, ಸಾಹಿತ್ಯದ ಅಕ್ಷರವೋ? ನೋಟ್ ಇನ್‌ಪುಟ್ ಮೋಡ್‌ನಲ್ಲಿದ್ದರೆ ಇನ್ನೂ ಒಂದು ಕೆಲಸ ಸೇರುತ್ತದೆ. ಕರ್ಸರ್ ಯಾವ ಗೆರೆಯ ಮೇಲಿದೆ, ಬಾರಿನ (ತಾಳದ ಒಂದು ಮನೆಯ) ಯಾವ ಎಣಿಕೆಯಲ್ಲಿದೆ ಎಂದು ಲೆಕ್ಕ ಹಾಕಿ ಅಲ್ಲೊಂದು ಮಸುಕಾದ ನೆರಳು ನೋಟನ್ನು ತೋರಿಸಬೇಕು. ನೆರಳು ಜರುಗಿದಂತೆಲ್ಲ ಹಿಂದಿನ ಜಾಗವನ್ನು ಅಳಿಸಿ ಕ್ಯಾನ್ವಾಸನ್ನು ಮತ್ತೆ ಬಿಡಿಸಬೇಕು. ಮ್ಯೂಸ್‌ಸ್ಕೋರ್ ನಿಂತಿರುವುದು ಕ್ಯೂಟಿ ಎಂಬ ಚೌಕಟ್ಟಿನ ಮೇಲೆ. ಅದರಲ್ಲಿ ಮೌಸಿನ ವರದಿ, ಕೀಬೋರ್ಡಿನ ಒತ್ತು, ಹಾಳೆ ಬಿಡಿಸುವುದು ಬಹುಪಾಲು ಒಂದೇ ಮುಖ್ಯ ಥ್ರೆಡ್‌ನಲ್ಲಿ, ಅಂದರೆ ಕೆಲಸಗಳು ಒಂದರ ಹಿಂದೊಂದು ಸಾಗುವ ಒಂದೇ ಸಾಲಿನಲ್ಲಿ, ನಡೆಯುತ್ತವೆ. ಒಂದೇ ಕೌಂಟರ್ ಇರುವ ನ್ಯಾಯಬೆಲೆ ಅಂಗಡಿಯ ಸಾಲಿನಂತೆ ಮುಂದಿನದು ಮುಗಿಯುವ ತನಕ ಹಿಂದಿನದು ಕಾಯಬೇಕು. ಕರ್ಸರ್ ತಡವರಿಸುವುದು ಈ ಕಾರಣಕ್ಕೆ.

ಮೊದಲು ಅಳೆಯಿರಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರ ಕಿಟಕಿಯನ್ನು ಪರದೆಯ ಮೂಲೆಯಲ್ಲಿಟ್ಟು, ಪಕ್ಕದಲ್ಲಿ ಸ್ಕೋರ್ ಕಾಣುವಂತೆ ಮಾಡಿಕೊಳ್ಳಿ. ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರ್, ಲಿನಕ್ಸ್‌ನಲ್ಲಿ ಟರ್ಮಿನಲ್‌ನ ಟಾಪ್ ಅಥವಾ ಎಚ್‌ಟಾಪ್ ಇದೇ ಕೆಲಸಕ್ಕೆ ಬರುತ್ತವೆ.

ಇಲ್ಲಿ ಬಹಳಷ್ಟು ಜನ ಎಡವುವುದು ಅಂಕಿ ಓದುವುದರಲ್ಲಿ. ವಿಂಡೋಸ್ ತೋರಿಸುವುದು ಇಡೀ ಪ್ರೊಸೆಸರಿನ ಶೇಕಡಾವಾರು. 8 ಥ್ರೆಡ್‌ನ, ಅಂದರೆ ಏಕಕಾಲಕ್ಕೆ ಇಂಥ ಎಂಟು ಸಾಲು ನಡೆಸಬಲ್ಲ ಪ್ರೊಸೆಸರಿನಲ್ಲಿ ಒಂದು ಥ್ರೆಡ್ ಪೂರ್ತಿ ತುಂಬಿದರೂ ಅಲ್ಲಿ ಕಾಣುವುದು ಶೇ. 12.5 ಮಾತ್ರ. ‘ಬರೀ 13 ಇದೆಯಲ್ಲ, ಆದರೂ ಯಾಕೆ ನಿಧಾನ?’ ಎಂಬ ಪ್ರಶ್ನೆಗೆ ಉತ್ತರ ಇದು: ಮುಖ್ಯ ಥ್ರೆಡ್ ಉಸಿರುಗಟ್ಟಿ ಕೂತಿದೆ, ಉಳಿದ ಏಳು ಖಾಲಿ ಇವೆ. 4 ಥ್ರೆಡ್ ಇದ್ದರೆ ಆ ಗಡಿ ಶೇ. 25. ಮ್ಯಾಕ್ ಮತ್ತು ಲಿನಕ್ಸ್‌ನ ಟಾಪ್ ಲೆಕ್ಕ ಬೇರೆ, ಅಲ್ಲಿ ಒಂದು ಥ್ರೆಡ್ ತುಂಬಿದರೆ ಶೇ. 100 ಎಂದೇ ತೋರಿಸುತ್ತದೆ. ನಿಮ್ಮ ಮಷಿನ್ನಿಗೆ ಎಷ್ಟು ಥ್ರೆಡ್ ಎಂಬುದು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಲಾಜಿಕಲ್ ಪ್ರೊಸೆಸರ್ಸ್’ ಎಂಬಲ್ಲಿ ಸಿಗುತ್ತದೆ. 100ನ್ನು ಆ ಸಂಖ್ಯೆಯಿಂದ ಭಾಗಿಸಿ ಬಂದದ್ದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಅಳತೆಗೂ ಅದೇ ನಿಮ್ಮ ಗಡಿ.

ಈಗ ತೊಂದರೆ ಕೊಡುವ ಸ್ಕೋರನ್ನೇ ತೆರೆದು, ಒಂದೊಂದಕ್ಕೂ ಹದಿನೈದು ಸೆಕೆಂಡ್ ಕೊಟ್ಟು, ಹೀಗೆ ಆರು ಅಳತೆ ಬರೆದುಕೊಳ್ಳಿ.

1. ಮೌಸಿನಿಂದ ಕೈ ತೆಗೆದು ಸುಮ್ಮನೆ ಕೂತಾಗ.
2. ಬ್ರೌಸರ್ ಅಥವಾ ಖಾಲಿ ಡೆಸ್ಕ್‌ಟಾಪ್ ಮೇಲೆ ಮೌಸ್ ಸುತ್ತಿಸಿದಾಗ.
3. ಸ್ವರಲಿಪಿ ಸಾಫ್ಟ್‌ವೇರಿನ ಟೂಲ್‌ಬಾರ್, ಪ್ಯಾಲೆಟ್ ಮೇಲೆ ಸುತ್ತಿಸಿದಾಗ.
4. ಸ್ಕೋರಿನ ಮೇಲೆ, ಸಾಮಾನ್ಯ ಮೋಡ್‌ನಲ್ಲಿ ಸುತ್ತಿಸಿದಾಗ.
5. ‘ಎನ್’ ಕೀ ಒತ್ತಿ ನೋಟ್ ಇನ್‌ಪುಟ್‌ಗೆ ಹೋಗಿ, ಸ್ಕೋರಿನ ಮೇಲೆ ಸುತ್ತಿಸಿದಾಗ.
6. ಎಸ್ಕೇಪ್ ಒತ್ತಿ ಹೊರಬಂದು, ಒಂದು ನೋಟನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ.

ಇದೇ ಆರನ್ನೂ ಎಂಟು ಬಾರಿನ ಹೊಸ ಖಾಲಿ ಸ್ಕೋರಿನಲ್ಲಿ ಇನ್ನೊಮ್ಮೆ ಮಾಡಿ. ಎರಡು ಪಟ್ಟಿಯನ್ನು ಅಕ್ಕಪಕ್ಕ ಇಟ್ಟರೆ ಕಾರಣ ಮುಕ್ಕಾಲು ಪಾಲು ತಾನೇ ಹೇಳುತ್ತದೆ.

ಕೈ ತೆಗೆದಾಗಲೂ ಅಂಕಿ ಮೇಲೇ ಇದ್ದರೆ ಮೌಸಿನ ತಪ್ಪಿಲ್ಲ. ಆಡಿಯೋ ಡ್ರೈವರ್, ಹಿನ್ನೆಲೆಯಲ್ಲಿ ಇಳಿಯುತ್ತಿರುವ ಸೌಂಡ್ ಲೈಬ್ರರಿ, ಆ್ಯಂಟಿವೈರಸ್ ಇವುಗಳ ಕಡೆ ನೋಡಿ. ಎರಡನೆಯ ಅಳತೆಯೇ ಏರಿದರೆ ತೊಂದರೆ ಮೌಸಿನಲ್ಲೋ ಅದರ ಡ್ರೈವರಿನಲ್ಲೋ ಇದೆ. ಆಗ ಟಾಸ್ಕ್ ಮ್ಯಾನೇಜರಿನಲ್ಲಿ ‘ಸಿಸ್ಟಮ್ ಇಂಟರಪ್ಟ್ಸ್’, ‘ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್’ ಸಾಲುಗಳೂ ಮೇಲೇರಿರುತ್ತವೆ. ಮೂರನೆಯದರಿಂದ ಶುರುವಾದರೆ ಗ್ರಾಫಿಕ್ಸ್ ಡ್ರೈವರನ್ನು ಅನುಮಾನಿಸಿ. ನಾಲ್ಕು, ಐದರಲ್ಲಿ ಮಾತ್ರ ಏರಿದರೆ ಹಾಳೆ ಬಿಡಿಸುವ ಭಾರ. ಆರರಲ್ಲಿ ಮಾತ್ರ ಆದರೆ ಲೇಔಟ್ (ಹಾಳೆಯ ಮೇಲೆ ಯಾವುದು ಎಲ್ಲಿ ಕೂರಬೇಕೆಂಬ ಲೆಕ್ಕ), ಇಲ್ಲವೇ ನೋಟ್ ಎಳೆದಂತೆಲ್ಲ ನುಡಿಯುವ ಸದ್ದು.

ಮೌಸಿನಿಂದಲೇ ಶುರು

ಗೇಮಿಂಗ್ ಮೌಸ್ ಇದ್ದರೆ ಅದರ ತಯಾರಕರ ಸಾಫ್ಟ್‌ವೇರ್ ತೆರೆದು ಪೋಲಿಂಗ್ ರೇಟನ್ನು 1000ದಿಂದ 250ಕ್ಕೆ, ಆಮೇಲೆ 125ಕ್ಕೆ ಇಳಿಸಿ ಅಳೆಯಿರಿ. ಕೆಲವು ಮೌಸಿನ ಅಡಿಯಲ್ಲೇ ಇದಕ್ಕೊಂದು ಸ್ವಿಚ್ ಇರುತ್ತದೆ. ಡಿಪಿಐ ಬೇರೆ, ಪೋಲಿಂಗ್ ಬೇರೆ. ಡಿಪಿಐ ಕಡಿಮೆ ಮಾಡಿದರೆ ಕರ್ಸರ್ ನಿಧಾನವಾಗಿ ಓಡುತ್ತದೆ, ವರದಿಗಳ ಗರಿಷ್ಠ ಸಂಖ್ಯೆ ಹಾಗೇ ಉಳಿಯುತ್ತದೆ. ಸ್ವರ ಬರೆಯುವ ಕೆಲಸಕ್ಕೆ 125 ಧಾರಾಳವಾಗಿ ಸಾಕು. ತಯಾರಕರ ಸಾಫ್ಟ್‌ವೇರ್ ಇಲ್ಲದಿದ್ದರೆ ಆಫೀಸುಗಳಲ್ಲಿ ಬಳಸುವ ಸಾದಾ ಮೌಸ್ ಒಂದನ್ನು ಎರವಲು ತಂದು ಅಳೆದು ನೋಡಿ. ಅರ್ಧದಷ್ಟು ಇಳಿದರೆ ಅಲ್ಲಿಗೆ ಕಾರಣ ಸಿಕ್ಕಿತು. ವಿಂಡೋಸ್ 11 ಬಳಸುವವರು ಅಪ್‌ಡೇಟ್ ಬಾಕಿ ಇಡಬೇಡಿ. ಹೆಚ್ಚು ವರದಿ ಕೊಡುವ ಮೌಸ್‌ಗಳ ಭಾರ ತಗ್ಗಿಸುವ ಬದಲಾವಣೆ 2023ರ ಮಧ್ಯದ ಅಪ್‌ಡೇಟಿನಲ್ಲಿ ಬಂದಿದೆ. ಅದು ಮುಖ್ಯವಾಗಿ ಹಿನ್ನೆಲೆಯಲ್ಲಿ ಮೌಸನ್ನು ಆಲಿಸುವ ಪ್ರೋಗ್ರಾಮ್‌ಗಳ ಭಾರವನ್ನು ಹಗುರ ಮಾಡುತ್ತದೆ.

ಹಾಳೆ ಬಿಡಿಸುವ ಭಾರ ಇಳಿಸುವುದು

ಇದಕ್ಕೊಂದು ಸರಳ ಪರೀಕ್ಷೆ ಇದೆ. ಸಾಫ್ಟ್‌ವೇರಿನ ಕಿಟಕಿಯನ್ನು ಪರದೆಯ ಕಾಲು ಭಾಗಕ್ಕೆ ಕುಗ್ಗಿಸಿ ಐದನೆಯ ಅಳತೆಯನ್ನು ಮತ್ತೆ ಮಾಡಿ. ಅಂಕಿ ಥಟ್ಟನೆ ಇಳಿದರೆ ಪಿಕ್ಸೆಲ್‌ಗಳ ಭಾರವೇ ಕಾರಣ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 3840×2160ರ 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು, ಸುಮಾರು 83 ಲಕ್ಷ. ಹಳೆ ಲ್ಯಾಪ್‌ಟಾಪಿಗೆ ಹೊಸ 4ಕೆ ಮಾನಿಟರ್ ಜೋಡಿಸಿದ ದಿನದಿಂದ ತೊಂದರೆ ಶುರುವಾಗಿದ್ದರೆ, ರೆಸಲ್ಯೂಶನ್ನನ್ನು 1920×1080ಕ್ಕೆ ಇಳಿಸಿ ಕೆಲಸ ಮಾಡಿ.

ಆಮೇಲೆ ಗ್ರಾಫಿಕ್ಸ್ ಡ್ರೈವರ್. ವಿಂಡೋಸ್ ಮರುಸ್ಥಾಪನೆಯಾದ ಮಷಿನ್‌ಗಳಲ್ಲಿ ಡ್ರೈವರ್ ಹಾಕುವುದು ಬಿಟ್ಟುಹೋಗಿದ್ದರೆ ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ ಸಾಲಿನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದು ಕಾಣುತ್ತದೆ. ಅದು ಕಂಡರೆ ಬೇರೆಲ್ಲ ಬಿಟ್ಟು ಮೊದಲು ಅದನ್ನು ಸರಿಪಡಿಸಿ, ಏಕೆಂದರೆ ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವನ್ನೆಲ್ಲ ಪ್ರೊಸೆಸರ್ ಹೊತ್ತಿದೆ ಎಂದು ಅದರ ಅರ್ಥ. ಲಿನಕ್ಸ್‌ನಲ್ಲಿ ರೆಂಡರರ್ ಹೆಸರಿನ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೂ ಇದೇ ಕತೆ. ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ನಿಮ್ಮ ಮಾದರಿಯ ಸಂಖ್ಯೆ ಕೊಟ್ಟು ಡ್ರೈವರ್ ಇಳಿಸಿಕೊಳ್ಳಿ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬ ದಾರಿಯಲ್ಲಿ ಹೋಗಿ ಮ್ಯೂಸ್‌ಸ್ಕೋರನ್ನು ಪಟ್ಟಿಗೆ ಸೇರಿಸಿ, ‘ಹೈ ಪರ್ಫಾರ್ಮೆನ್ಸ್’ ಆರಿಸಿ.

ಇನ್ನು ಸಾಫ್ಟ್‌ವೇರಿನ ಒಳಗೆ. ಪ್ರಿಫರೆನ್ಸಸ್‌ನ ಅಪಿಯರೆನ್ಸ್ ಪುಟದಲ್ಲಿ ಹಿನ್ನೆಲೆಗೂ ಹಾಳೆಗೂ ಚಿತ್ರ ಹಾಕಿದ್ದರೆ ತೆಗೆದು ಸಾದಾ ಬಣ್ಣ ಇಡಿ. ಮರದ ಹಲಗೆಯ ಹಿನ್ನೆಲೆ ನೋಡಲು ಚೆನ್ನ, ಆದರೆ ಪ್ರತಿ ಚಲನೆಗೂ ಅದನ್ನೂ ಬಿಡಿಸಬೇಕಲ್ಲ. ವ್ಯೂ ಮೆನುವಿನಿಂದ ನ್ಯಾವಿಗೇಟರ್, ಟೈಮ್‌ಲೈನ್ ಮುಚ್ಚಿ. ಮಿಕ್ಸರ್ ಎಫ್10ರಿಂದ, ಪ್ಯಾಲೆಟ್ ಎಫ್9ರಿಂದ ಬೇಕಾದಾಗ ಮಾತ್ರ ತೆರೆದುಕೊಳ್ಳಬಹುದು.

ಜೂಮ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಸಣ್ಣದಾಗಿ ಕಂಡರೆ ಹಗುರ ಎಂದು ತೋರಬಹುದು, ಆದರೆ ನಡೆಯುವುದು ಅದಕ್ಕೆ ವಿರುದ್ಧ. ಜೂಮ್ ಇಳಿಸಿದಷ್ಟೂ ಪರದೆಯೊಳಗೆ ಹೆಚ್ಚು ಪುಟ, ಹೆಚ್ಚು ನೋಟ್, ಹೆಚ್ಚು ಅಕ್ಷರ ಬರುತ್ತವೆ. ಪರದೆಯ ಹೊರಗಿರುವುದನ್ನು ಬಿಡಿಸಬೇಕಾಗಿಲ್ಲ, ಒಳಗಿರುವುದನ್ನೆಲ್ಲ ಬಿಡಿಸಬೇಕು. ಆದ್ದರಿಂದ ಬರೆಯುವಾಗ ನಾಲ್ಕೈದು ಬಾರ್ ಮಾತ್ರ ಕಾಣುವಷ್ಟು ದೊಡ್ಡದು ಮಾಡಿಕೊಳ್ಳಿ. ಮ್ಯೂಸ್‌ಸ್ಕೋರ್ 4ರಲ್ಲಿ ಎಫ್7 ಒತ್ತಿದರೆ ವಾದ್ಯಗಳ ಪಟ್ಟಿ ಬರುತ್ತದೆ. ಸದ್ಯ ಬರೆಯದ ವಾದ್ಯದ ಮುಂದಿನ ಕಣ್ಣಿನ ಗುರುತನ್ನು ಒತ್ತಿ ಮುಚ್ಚಿಡಿ. ಹನ್ನೆರಡು ಸಾಲಿನ ಬ್ಯಾಂಡ್ ಸ್ಕೋರಿನಲ್ಲಿ ಕ್ಲಾರಿನೆಟ್ ಬರೆಯುವಾಗ ಕ್ಲಾರಿನೆಟ್ಟೂ ತಾಳದ ಸಾಲೂ ಕಂಡರೆ ಸಾಕು. ದೊಡ್ಡ ಸ್ಕೋರಿನಲ್ಲಿ ಇಷ್ಟು ಬೇಗ ಫಲ ಕೊಡುವ ಉಪಾಯ ಬೇರೆ ಇಲ್ಲ.

ಕನ್ನಡ ಸಾಹಿತ್ಯ ಇದ್ದರೆ

ನೋಟಿನ ಕೆಳಗೆ ಕನ್ನಡ ಸಾಹಿತ್ಯ ಬರೆಯುವವರು ಗಮನಿಸಬೇಕಾದ ಸಂಗತಿ ಬೇರೆ ಇದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ನೋಡಿ. ಯುನಿಕೋಡ್‌ನಲ್ಲಿ ಅದು ಸ, ಹಲಂತ, ತ, ಹಲಂತ, ರ, ಈಕಾರದ ಗುರುತು ಎಂದು ಆರು ಸಂಕೇತ. ಈ ಆರನ್ನೂ ಓದಿ, ಒತ್ತಕ್ಷರಗಳನ್ನು ಅವುಗಳ ಜಾಗಕ್ಕೆ ಇಳಿಸಿ, ಗುಣಿತ ಸೇರಿಸಿ ಒಂದು ಆಕಾರ ಮಾಡಬೇಕು. ಇಂಗ್ಲಿಷಿನ ಆರು ಅಕ್ಷರ ಸಾಲಾಗಿ ಇಡುವುದಕ್ಕಿಂತ ಇದು ಹೆಚ್ಚಿನ ಕೆಲಸ. ಮೇಲಾಗಿ ಮ್ಯೂಸ್‌ಸ್ಕೋರ್ 4ರ ಮೂಲ ಅಕ್ಷರಶೈಲಿ ‘ಎಡ್ವಿನ್’ನಲ್ಲಿ ಕನ್ನಡವೇ ಇಲ್ಲ. ಹಾಗಾಗಿ ವ್ಯವಸ್ಥೆ ಬೇರೆ ಫಾಂಟಿನಿಂದ ಅಕ್ಷರ ಎರವಲು ತರುತ್ತದೆ. ಇದನ್ನು ತಪ್ಪಿಸಲು ಫಾರ್ಮ್ಯಾಟ್, ಸ್ಟೈಲ್, ಟೆಕ್ಸ್ಟ್ ಸ್ಟೈಲ್ಸ್‌ಗೆ ಹೋಗಿ ‘ಲಿರಿಕ್ಸ್ ಆಡ್ ಲೈನ್ಸ್’ ಮತ್ತು ‘ಲಿರಿಕ್ಸ್ ಈವನ್ ಲೈನ್ಸ್’ ಎರಡಕ್ಕೂ ನೋಟೊ ಸ್ಯಾನ್ಸ್ ಕನ್ನಡ ಅಥವಾ ವಿಂಡೋಸ್‌ನ ನಿರ್ಮಲಾ ಯುಐ ಕೊಡಿ. ನಮ್ಮ ಹೊಳೆಯ ಹೆಸರಿನ ‘ತುಂಗಾ’ ಫಾಂಟೂ ವಿಂಡೋಸ್‌ನಲ್ಲಿ ಇದೆ, ಆದರೆ ವಿಂಡೋಸ್ 10ರಿಂದ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಇದರಿಂದ ಆಗುವ ಉಳಿತಾಯ ಸಣ್ಣದೇ. ಆದರೂ ಮೂರು ನಾಲ್ಕು ಚರಣ ಒಂದರ ಕೆಳಗೊಂದು ಇರುವ ಹಾಡಿಗೆ ಮಾಡತಕ್ಕದ್ದು, ಅದೇ ಫಾಂಟ್ ಇರುವ ಇನ್ನೊಂದು ಮಷಿನ್ನಿನಲ್ಲಿ ತೆರೆದಾಗ ಅಕ್ಷರ ಜರುಗುವುದೂ ತಪ್ಪುತ್ತದೆ. ಹಳೆಯ ನುಡಿ, ಬರಹ ಫೈಲಿನಿಂದ ಸಾಹಿತ್ಯ ತರುವುದಾದರೆ ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಿ.

ನೋಟ್ ಎಳೆದಾಗ ಮಾತ್ರ ತೊಂದರೆ

ನೋಟನ್ನು ಎಳೆದರೆ ಅದರ ಕಡ್ಡಿ, ಬೀಮ್, ಸ್ಲರ್, ಪಕ್ಕದ ಅಂತರ ಎಲ್ಲವೂ ಹೊಸದಾಗಿ ಲೆಕ್ಕವಾಗಬೇಕು. ಎಳೆಯುತ್ತಿರುವಷ್ಟು ಹೊತ್ತೂ ಈ ಲೆಕ್ಕ ನಡೆದೇ ಇರುತ್ತದೆ. ಹಾಗಾಗಿ ಎಳೆಯುವುದನ್ನೇ ಬಿಡಿ. ನೋಟನ್ನು ಒಮ್ಮೆ ಕ್ಲಿಕ್ ಮಾಡಿ ಮೇಲಿನ ಅಥವಾ ಕೆಳಗಿನ ಬಾಣದ ಕೀ ಒತ್ತಿದರೆ ಅರ್ಧ ಸ್ವರ ಸರಿಯುತ್ತದೆ, ಕಂಟ್ರೋಲ್ ಜತೆ ಒತ್ತಿದರೆ ಒಂದು ಸ್ಥಾಯಿ. ಒಂದು ಒತ್ತಿಗೆ ಒಂದೇ ಲೆಕ್ಕ.

ಕಂಟಿನ್ಯುಯಸ್ ವ್ಯೂನಲ್ಲಿದ್ದರೆ ಪೇಜ್ ವ್ಯೂಗೆ ಬದಲಾಯಿಸಿ ಅಳೆಯಿರಿ. ಇಡೀ ಹಾಡು ಒಂದೇ ಉದ್ದ ಸಾಲಾಗಿರುವಾಗ ಒಂದೆಡೆಯ ಅಂತರ ಬದಲಾದರೆ ಅದರ ಮುಂದಿನದೆಲ್ಲ ಜರುಗಬೇಕಾಗುತ್ತದೆ. ಪುಟಗಳಿರುವಾಗ ಬದಲಾವಣೆ ಹೆಚ್ಚಾಗಿ ಆ ಸಾಲಿನಲ್ಲೇ ನಿಲ್ಲುತ್ತದೆ. ಬಿಡಿ ವಾದ್ಯದ ಪಾರ್ಟ್‌ಗಳನ್ನು ಎಲ್ಲ ಬರೆದು ಮುಗಿದ ಮೇಲೆ ತೆಗೆಯಿರಿ. ಪಾರ್ಟ್‌ಗಳು ಮೂಲ ಸ್ಕೋರಿಗೆ ಜೋಡಿಕೊಂಡಿರುವುದರಿಂದ ಒಂದು ನೋಟಿನ ಬದಲಾವಣೆ ಅಲ್ಲಿಗೂ ಹೋಗಬೇಕು.

ಎಳೆದಾಗ, ಕ್ಲಿಕ್ ಮಾಡಿದಾಗ ಸ್ವರ ನುಡಿಯುವುದಕ್ಕೂ ಬೆಲೆ ತೆರಬೇಕು. ಪ್ರಿಫರೆನ್ಸಸ್‌ನ ನೋಟ್ ಇನ್‌ಪುಟ್ ಪುಟದಲ್ಲಿ ತಿದ್ದುವಾಗ ನೋಟ್ ನುಡಿಸುವ ಆಯ್ಕೆಯ ಗುರುತು ತೆಗೆದು ಒಮ್ಮೆ ಅಳೆಯಿರಿ. ಅಂಕಿ ಇಳಿದರೆ ಮಿಕ್ಸರಿನಲ್ಲಿ ಪ್ರತಿ ವಾದ್ಯದ ಸದ್ದನ್ನು ಭಾರದ ಸದ್ದಿನ ಸಂಗ್ರಹವಾದ ಮ್ಯೂಸ್ ಸೌಂಡ್ಸ್‌ನಿಂದ ಹಗುರವಾದ ‘ಎಂಎಸ್ ಬೇಸಿಕ್’ಗೆ ಬದಲಿಸಿ, ಗುರುತನ್ನು ಮತ್ತೆ ಹಾಕಿ. ಬರೆಯುವಾಗ ಹಗುರವಾದ ಸದ್ದು, ಕೊನೆಗೆ ಕೇಳುವಾಗ ಒಳ್ಳೆಯ ಸದ್ದು: ಇದು ಒಳ್ಳೆಯ ರೂಢಿ. ಸ್ವರ ಕೇಳದೆ ಬರೆಯುವುದು ಕಲಿಯುವವರಿಗೆ ಹಿತವಲ್ಲ.

ಮೌಸ್ ಬಿಟ್ಟು ಬರೆಯುವ ಅಭ್ಯಾಸ

ಮೇಲಿನದೆಲ್ಲ ಭಾರ ಇಳಿಸುವ ದಾರಿ. ಭಾರವೇ ಬೀಳದಂತೆ ಮಾಡುವುದು ಕೀಬೋರ್ಡ್. ‘ಎನ್’ ಒತ್ತಿ ಇನ್‌ಪುಟ್‌ಗೆ ಹೋಗಿ. ಅಂಕಿ 3 ಹದಿನಾರನೇ ನೋಟ್, 4 ಎಂಟನೇ ನೋಟ್, 5 ಕಾಲು, 6 ಅರ್ಧ, 7 ಪೂರ್ಣ. ಚುಕ್ಕೆಗೆ ಫುಲ್‌ಸ್ಟಾಪ್, ವಿರಾಮಕ್ಕೆ 0, ಟೈಗೆ ‘ಟಿ’. ಸಿ ಷಡ್ಜವಾಗಿಟ್ಟುಕೊಂಡು ಮೋಹನದ ಆರೋಹಣ ಬರೆಯಬೇಕೆಂದರೆ 3/4 ಅಳತೆಯ ಬಾರಿನಲ್ಲಿ ಎನ್, 4 ಒತ್ತಿ, ಸಿ ಡಿ ಇ ಜಿ ಎ ಸಿ ಎಂದು ಟೈಪ್ ಮಾಡಿ. ಸ ರಿ ಗ ಪ ದ ಸ ಆರೂ ಎಂಟನೇ ನೋಟ್‌ಗಳು ಬಾರನ್ನು ಸರಿಯಾಗಿ ತುಂಬುತ್ತವೆ. ಹಿಂದಿನ ನೋಟಿಗೆ ಹತ್ತಿರದ ಸ್ಥಾಯಿಯನ್ನೇ ಸಾಫ್ಟ್‌ವೇರ್ ಆರಿಸುವುದರಿಂದ ಕೊನೆಯ ಸ ತಾನಾಗಿ ತಾರಸ್ಥಾಯಿಗೆ ಹೋಗುತ್ತದೆ. ಸಾಹಿತ್ಯಕ್ಕೆ ಮೊದಲ ನೋಟನ್ನು ಆರಿಸಿ ಕಂಟ್ರೋಲ್ ಮತ್ತು ‘ಎಲ್’. ಪದ ಮುಗಿದರೆ ಸ್ಪೇಸ್, ಪದದ ಒಳಗಿನ ಅಕ್ಷರಕ್ಕೆ ಹೈಫನ್.

ಬರೆಯುವಷ್ಟು ಹೊತ್ತೂ ಕರ್ಸರನ್ನು ಸ್ಕೋರಿನ ಹೊರಗೆ ನಿಲ್ಲಿಸಿ. ಕನ್ನಡದ ಕೀಲಿಮಣೆ ವಿನ್ಯಾಸ ಚಾಲೂ ಇದ್ದರೆ ‘ಎನ್’, ‘ಸಿ’ ಯಾವುದೂ ಕೆಲಸ ಮಾಡದೆ ಸಾಫ್ಟ್‌ವೇರೇ ಕೆಟ್ಟಿದೆ ಅನ್ನಿಸುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬಂದು ನೋಟ್ ಬರೆಯಿರಿ, ಸಾಹಿತ್ಯಕ್ಕೆ ಮತ್ತೆ ಕನ್ನಡಕ್ಕೆ ಹೋಗಿ.

ಮಳೆಗಾಲ, ಬ್ಯಾಟರಿ, ಬಿಸಿ

ಒಂದೇ ಕೆಲಸ ಚಾರ್ಜರ್ ಹಾಕಿದಾಗ ಶೇ. 6, ತೆಗೆದಾಗ ಶೇ. 11 ಎಂದು ತೋರಿದರೆ ಗಾಬರಿ ಬೇಡ. ಬ್ಯಾಟರಿ ಸೇವರ್ ಪ್ರೊಸೆಸರಿನ ವೇಗ ತಗ್ಗಿಸುತ್ತದೆ, ವೇಗ ಕಡಿಮೆಯಾದಾಗ ಅದೇ ಕೆಲಸಕ್ಕೆ ಹೆಚ್ಚು ಪಾಲು ಬೇಕು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ ಹೊಸನಗರ, ಆಗುಂಬೆ ಕಡೆ ಬ್ಯಾಟರಿಯೇ ಗತಿ. ಅದಕ್ಕೇ ಎಲ್ಲ ಅಳತೆಗಳನ್ನೂ ಚಾರ್ಜರ್ ಹಾಕಿಯೇ ಮಾಡಿ, ಇಲ್ಲವಾದರೆ ಹೋಲಿಕೆ ತಪ್ಪುತ್ತದೆ. ಆಟೋಸೇವ್ ನಿಲ್ಲಿಸಿದರೆ ಹಗುರವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಕೆಲವು ನಿಮಿಷಕ್ಕೊಮ್ಮೆ ಕ್ಷಣಕಾಲ ಮೇಲೇಳುವ ಅಂಕಿ, ಮೌಸಿಗೂ ಅದಕ್ಕೂ ಸಂಬಂಧವಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಎರಡು ಗಂಟೆಯ ಬರವಣಿಗೆ ಉಳಿಸುವುದು ಅದೇ. ಲ್ಯಾಪ್‌ಟಾಪನ್ನು ಕಂಬಳಿ, ಹಾಸಿಗೆ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಪ್ರೊಸೆಸರ್ ಬಿಸಿಯಾಗುತ್ತದೆ, ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅಡಿಕೆ ಸುಲಿಯುವ ಕಾಲದ ಸಿಪ್ಪೆಯ ಧೂಳು ಫ್ಯಾನಿನ ಜಾಲರಿಗೆ ಕೂತಿದ್ದರೆ ಒಮ್ಮೆ ಬಿಚ್ಚಿಸಿ ಶುಚಿ ಮಾಡಿಸಿ.

ಇಷ್ಟಾದರೂ ಇಳಿಯದಿದ್ದರೆ

ಹೆಲ್ಪ್ ಮೆನುವಿನಲ್ಲಿ ‘ರಿವರ್ಟ್ ಟು ಫ್ಯಾಕ್ಟರಿ ಸೆಟ್ಟಿಂಗ್ಸ್’ ಇದೆ. ಅದು ನಿಮ್ಮ ಪ್ಯಾಲೆಟ್, ಶಾರ್ಟ್‌ಕಟ್ ಎಲ್ಲವನ್ನೂ ಅಳಿಸುತ್ತದೆ, ಆದ್ದರಿಂದ ಕೊನೆಯಲ್ಲಿ ಮಾತ್ರ ಬಳಸಿ. 4 ಜಿಬಿ ರ‍್ಯಾಮ್‌ನ ಹಳೆ ಮಷಿನ್ ಆದರೆ 2021ರ ಮ್ಯೂಸ್‌ಸ್ಕೋರ್ 3.6.2 ಹಗುರ. ಮ್ಯೂಸ್‌ಸ್ಕೋರ್ 4ರಲ್ಲಿ ಉಳಿಸಿದ ಫೈಲ್ ಅದರಲ್ಲಿ ನೇರ ತೆರೆಯುವುದಿಲ್ಲ, ಬೇರೆ ಬೇರೆ ಸ್ವರಲಿಪಿ ಸಾಫ್ಟ್‌ವೇರ್ ಓದಬಲ್ಲ ಮ್ಯೂಸಿಕ್‌ಎಕ್ಸ್‌ಎಂಎಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಒಯ್ಯಿರಿ. ಅಲಂಕಾರದ ಗುರುತು, ಅಂತರಗಳಲ್ಲಿ ಅಲ್ಲಲ್ಲಿ ಕೈತಿದ್ದುಪಡಿ ಬೇಕಾಗುತ್ತದೆ. ಅದೂ ಭಾರವಾದರೆ ಲಿಲಿಪಾಂಡ್ ಇದೆ. ಅಲ್ಲಿ ಸ್ವರಗಳನ್ನು ಪಠ್ಯವಾಗಿ ಟೈಪ್ ಮಾಡಿ, ಕೊನೆಗೆ ಒಮ್ಮೆ ಪಿಡಿಎಫ್ ಮಾಡಿಸುವುದು. ಎಳೆಯಲು ಕ್ಯಾನ್ವಾಸೇ ಇಲ್ಲ. ಕಲಿಯಲು ವಾರ ಹತ್ತು ದಿನ ಬೇಕು.

ನಿಮ್ಮ ಅಳತೆಯಲ್ಲಿ ಎಂಟು ಬಾರಿನ ಖಾಲಿ ಸ್ಕೋರಿನಲ್ಲೂ ಐದನೆಯ ಅಂಕಿ ಗಡಿ ಮುಟ್ಟಿದರೆ, ಸಾದಾ ಮೌಸ್ ಹಾಕಿದರೂ ಡ್ರೈವರ್ ಸರಿಯಿದ್ದರೂ ಇಳಿಯದಿದ್ದರೆ, ದೋಷ ಸಾಫ್ಟ್‌ವೇರಿನದೇ ಇರಬಹುದು. ಮ್ಯೂಸ್‌ಸ್ಕೋರಿನ ದೋಷಗಳನ್ನು ಅದರ ಅಭಿವೃದ್ಧಿ ನಡೆಯುವ ಗಿಟ್‌ಹಬ್ ತಾಣದಲ್ಲಿ ದಾಖಲಿಸಬಹುದು. ‘ನಿಧಾನ ಆಗಿದೆ’ ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾಗದು. ಅಬೌಟ್ ಕಿಟಕಿಯಲ್ಲಿರುವ ಪೂರ್ಣ ಆವೃತ್ತಿ ಸಂಖ್ಯೆ, ಆಪರೇಟಿಂಗ್ ಸಿಸ್ಟಮ್, ಥ್ರೆಡ್‌ಗಳ ಸಂಖ್ಯೆ, ಗ್ರಾಫಿಕ್ಸ್ ಚಿಪ್, ಪರದೆಯ ರೆಸಲ್ಯೂಶನ್, ಮೌಸಿನ ಪೋಲಿಂಗ್ ರೇಟ್, ಆರೂ ಅಳತೆಯ ಎರಡೂ ಪಟ್ಟಿ, ಜತೆಗೆ ಆ ಎಂಟು ಬಾರಿನ ಫೈಲ್ ಲಗತ್ತಿಸಿ. ಹಿಂದಿನ ಯಾವ ಆವೃತ್ತಿಯಲ್ಲಿ ಸರಿಯಿತ್ತು ಎಂಬುದು ಗೊತ್ತಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.